ಆ ಮಾತ್ರೆಯ ಶೀಟು ಒಡೆಯಬೇಡ

ಚಿ. ಸೌ. ಪುಟ್ಟಿಗೆ ನಿನ್ನ ಚಿಕ್ಕಮ್ಮನ ಆಶೀರ್ವಾದಗಳು.

ಬಸುರಾಗದಂತೆ ತಡೆಯುವ ಮಾತ್ರೆ ನುಂಗಬಹುದಾ ಅಂತ ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಿಲ್ಲ. ಪಕ್ಕದಲ್ಲೇ ನಿನ್ನ ಚಿಕ್ಕಪ್ಪ ಕಾಫಿ ಕುಡಿಯುತ್ತಾ ಕೂತಿದ್ದರು. ಅದಕ್ಕೇ ಈ ಕಾಗದ.

ಮೆಡಿಕಲ್ ಶಾಪಿನಿಂದ ತರಿಸಿದ ಮಾತ್ರೆ ಇನ್ನೂ ಶುರು ಮಾಡಿಲ್ಲ ಅಂದೆಯಲ್ಲ, ಮಾಡಲೇಬೇಡ. ಶೀಟಿನ ಹಿಂಭಾಗ ಓದು. ಎಥಿನೈಲ್ ಎಸ್ಟ್ರಡಯಾಲ್ ಅಂತ ಇದ್ದರೆ ಅದರಲ್ಲಿ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಇದೆ ಅಂತ ಅರ್ಥ. ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಲಿವರ್ ಜಾಸ್ತಿ ತಯಾರಿಸುವಂತೆ ಮಾಡುವುದು ಅದೇ. ಮಾತ್ರೆ ನುಂಗದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಜನರಿಗೆ ರಕ್ತ ಹೆಪ್ಪುಗಟ್ಟಿದರೆ, ಇಂಥ ಮಾತ್ರೆ ನುಂಗುವವರಲ್ಲಿ 5ರಿಂದ 12 ಜನರಿಗೆ. ಆರೋಗ್ಯವಾಗಿರುವವರಿಗೆ ಇದು ದೊಡ್ಡ ಭಯವಲ್ಲ. ಆದರೆ ನಿನಗೆ ಸಿಸೇರಿಯನ್ ಆದ ಎರಡನೇ ವಾರವೇ ರಕ್ತ ಹೆಪ್ಪುಗಟ್ಟಿ ಎಡಗಾಲಿನ ಮೀನಖಂಡ ಊದಿತ್ತು, ಮೂರು ತಿಂಗಳು ರಕ್ತ ತೆಳು ಮಾಡುವ ಔಷಧಿ ತೆಗೆದುಕೊಂಡೆ. ನಿನ್ನ ಲೆಕ್ಕವೇ ಬೇರೆ. ಸರ್ಕಾರದ ಮಾಲಾ-ಎನ್ ಕೂಡ ಇದೇ ಜಾತಿಯದು. ಮೊಡವೆಗೆ, ಪಿಸಿಓಡಿಗೆ ಅಂತ ಬರೆದುಕೊಡುವ ಹಾರ್ಮೋನ್ ಮಾತ್ರೆಗಳೂ ಹೆಚ್ಚಾಗಿ ಇವೇ.

ಹಬ್ಬಕ್ಕೆ ಮುಟ್ಟು ಮುಂದೂಡುವ ಮಾತ್ರೆಯೂ ಬೇಡ. ಅದರಲ್ಲಿರುವ ನಾರೆಥಿಸ್ಟೆರೋನ್ ದಿನಕ್ಕೆ ಮೂರು ಸಲ ನುಂಗಿದರೆ ಒಂದು ಪಾಲು ದೇಹದೊಳಗೆ ಈಸ್ಟ್ರೋಜನ್ ಆಗಿಬಿಡುತ್ತದೆ. ನಿಮ್ಮತ್ತೆ ಕೊಟ್ಟರೂ ತೆಗೆದುಕೊಳ್ಳಬೇಡ. ಗೌರಮ್ಮ ಏನೂ ಮುನಿಸಿಕೊಳ್ಳುವುದಿಲ್ಲ.

ನಾನು ಇಷ್ಟು ಗಟ್ಟಿಯಾಗಿ ಹೇಳೋದಕ್ಕೆ ಕಾರಣ ಇದೆ. ನರ್ಸ್ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಸಂತೆ ದಿನ, ಉದ್ದ ಸಾಲು. ಒಬ್ಬಾಕೆಗೆ ಏನೂ ಕೇಳದೆ ಮಾತ್ರೆ ಕೊಟ್ಟು ಕಳಿಸಿದೆ. ಎರಡು ತಿಂಗಳಿಗೆ ಕಾಲು ನೋವು ಅಂತ ಬಂದಳು. ನಾಟಿ ಕೆಲಸದ ಸುಸ್ತಿರಬೇಕು, ಎಣ್ಣೆ ಹಚ್ಚಿ ತಿಕ್ಕು ಅಂದೆ. ಅಷ್ಟರಲ್ಲಿ ಡಾಕ್ಟರು ನೋಡಿದರು, ಅವಳು ಬದುಕಿದಳು. ಹಿಂದಿನ ಬಾಣಂತನದಲ್ಲೂ ಹಾಗೇ ಕಾಲು ಊದಿತ್ತಂತೆ. ನಾನು ಕೇಳಿದ್ದರೆ ಹೇಳುತ್ತಿದ್ದಳು. ಹಾಗೆ ಊದಿದ ಕಾಲನ್ನು ತಿಕ್ಕಲೇಬಾರದು ಅನ್ನುವುದೂ ಅವತ್ತೇ ತಲೆಗೆ ಹತ್ತಿದ್ದು.

ಹಾಗಂತ ಹೆದರಿ ಏನೂ ಬೇಡ ಅಂತ ಸುಮ್ನೆ ಇರಬೇಡ. ಬಸುರಿನಲ್ಲಿ, ಅದಕ್ಕಿಂತ ಬಾಣಂತನದ ಮೊದಲ ವಾರಗಳಲ್ಲಿ, ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಯದಕ್ಕಿಂತ ಜಾಸ್ತಿ. ಎದೆಹಾಲು ಕುಡಿಸ್ತಿದ್ದೀನಲ್ಲ, ಬಸುರಾಗಲ್ಲ ಅನ್ನಬೇಡ. ಆ ಲೆಕ್ಕ ನಡೆಯುವುದು ಮಗುವಿಗೆ ಆರು ತಿಂಗಳಾಗುವವರೆಗೆ, ಅದೂ ಬರೀ ಎದೆಹಾಲು ಕುಡಿಸುತ್ತಾ, ಮುಟ್ಟು ಬಾರದೆ ಇದ್ದರೆ. ನಿನ್ನ ಮಗ ಆಗಲೇ ರಾಗಿ ಸರಿ ತಿನ್ನುತ್ತಿದ್ದಾನೆ.

ನನ್ನನ್ನು ಕೇಳಿದರೆ ಗರ್ಭಕೋಶದೊಳಗೆ ಹಾಕುವ ಕಾಪರ್-ಟಿ, ನಮ್ಮ ಕಡೆ ವಂಕಿ ಅಂತಾರಲ್ಲ, ಅದು. ಹಾರ್ಮೋನೇ ಇಲ್ಲ. 380ಎ ಅನ್ನುವುದು 10 ವರ್ಷ ಕೆಲಸ ಮಾಡುತ್ತದೆ, ಬೇಕೆಂದಾಗ ತೆಗೆಸಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಮೊದಲ ಕೆಲವು ತಿಂಗಳು ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ, ಹೊಟ್ಟೆ ಹಿಡಿಯುತ್ತದೆ. ನಿನಗೆ ಮೊದಲೇ ರಕ್ತ ಕಮ್ಮಿ. ಹಿಮೋಗ್ಲೋಬಿನ್ ನೋಡಿಸದೆ ಹಾಕಿಸಿಕೊಳ್ಳಬೇಡ. ತೀರಾ ಕಮ್ಮಿಯಿದ್ದರೆ ಮಿರೇನಾದಂಥ ಹಾರ್ಮೋನ್ ವಂಕಿಯ ಬಗ್ಗೆ ಕೇಳು. ಅದರಲ್ಲಿ ಈಸ್ಟ್ರೋಜನ್ ಇಲ್ಲ, ಮುಟ್ಟಿನ ರಕ್ತವೂ ಕಡಿಮೆಯಾಗುತ್ತದೆ. ಬೆಲೆ ಮಾತ್ರ ಜಾಸ್ತಿ.

ಮಾತ್ರೆಯೇ ಬೇಕು ಅಂತ ನಿನಗಿದ್ದರೆ ಈಸ್ಟ್ರೋಜನ್ ಇಲ್ಲದ, ಬರೀ ಡೆಸೊಜೆಸ್ಟ್ರೆಲ್ ಇರುವ ಮಾತ್ರೆ ಸಿಗುತ್ತದೆ. ಹುಷಾರು, ಅದೇ ಹೆಸರು ಎರಡು ಹಾರ್ಮೋನಿನ ಮಾತ್ರೆಯ ಮೇಲೂ ಇರುತ್ತದೆ. ಡಾಕ್ಟರ್ ಚೀಟಿಯಿಲ್ಲದೆ ಕೊಳ್ಳಬೇಡ. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಇಂಜೆಕ್ಷನ್ ನಿನ್ನಂಥವರಿಗೆ ನನಗೆ ಅಷ್ಟು ಮನಸ್ಸಿಲ್ಲ. ಅದರಿಂದಲೂ ಅಪಾಯ ಸ್ವಲ್ಪ ಏರುತ್ತದೆ ಅಂತ ಕೆಲವು ಅಧ್ಯಯನಗಳಲ್ಲಿ ಕಂಡಿದೆ. ವಾರದ ಮಾತ್ರೆ ಛಾಯಾ ಲಕ್ನೋದಲ್ಲಿ ಕಂಡುಹಿಡಿದದ್ದು, ನಮ್ಮದೇ ದೇಶದ್ದು, ಅದರಲ್ಲೂ ಈಸ್ಟ್ರೋಜನ್ ಇಲ್ಲ. ಆದರೆ ಅದೇ ಬಳಗದ, ಸ್ತನ ಕ್ಯಾನ್ಸರಿಗೆ ಕೊಡುವ ಟ್ಯಾಮಾಕ್ಸಿಫೆನ್ ರಕ್ತ ಹೆಪ್ಪುಗಟ್ಟಿಸಬಲ್ಲದು. ಅದನ್ನೂ ಡಾಕ್ಟರಿಗೇ ಬಿಡು.

ಅಲ್ಲಿಯವರೆಗೆ ಕಾಂಡೋಮ್. ನಿನ್ನ ಗಂಡನಿಗೆ ನಾನೇ ಹೇಳಬೇಕಾ? ಇನ್ನೊಂದು ಮಗು ಬೇಕು ಅನ್ನುತ್ತಿದ್ದೀರಿ, ಹಾಗಾಗಿ ಆಪರೇಷನ್ ಮಾತು ಈಗಿಲ್ಲ. ಮುಂದೆ ಬಂದರೆ ಮೊದಲು ಅವನ ಕಡೆ ನೋಡು. ಗಂಡಸರದು ಸಣ್ಣ ಕೆಲಸ, ಹೊಟ್ಟೆ ಕೊಯ್ಯುವುದಿಲ್ಲ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮದುವೆಯಾದ ಹೆಂಗಸರಲ್ಲಿ ತಾವೇ ಆಪರೇಷನ್ ಮಾಡಿಸಿಕೊಂಡವರು ಶೇ 37.9, ಗಂಡನಿಗೆ ಆಪರೇಷನ್ ಆಗಿರುವವರು ಶೇ 0.3. ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಇದನ್ನು ಮಾತ್ರ ಮರೆಯಬೇಡ. ಒಂದೇ ಕಾಲು ಊದಿ ಬಿಸಿಯಾದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ, ಹಿಂದೆಂದೂ ಬಾರದಂಥ ತಲೆನೋವು ಬಂದರೆ, ಬೆಳಗಾಗಲಿ ಅಂತ ಕಾಯಬೇಡ. ರಾತ್ರಿಯಾದರೂ ಆಸ್ಪತ್ರೆಗೆ ಹೊರಡು. 108ಕ್ಕೆ ಫೋನ್ ಮಾಡು.

ಡಿಸ್ಚಾರ್ಜ್ ಕಾಗದ, ಕಾಲಿನ ರಕ್ತನಾಳ ನೋಡಿದ ಡಾಪ್ಲರ್ ಸ್ಕ್ಯಾನ್ ರಿಪೋರ್ಟ್ ಒಂದು ಚೀಲಕ್ಕೆ ಹಾಕಿಡು. ಮಂಗಳವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಮಗು ನನ್ನ ಹತ್ತಿರ ಇರಲಿ, ನೀವಿಬ್ಬರೂ ಡಾಕ್ಟರ ಹತ್ತಿರ ಹೋಗಿಬನ್ನಿ.

ಇಂತಿ ನಿನ್ನ
ಚಿಕ್ಕಮ್ಮ