ಸೋಲಾಪುರ ದಾಟಿದ ಮೇಲೆ ಹೇಳು

ಬ್ರಹ್ಮಪುರ, ಕಲಬುರಗಿ

ಚಿ. ಸೌ. ಸೊಸಿಗೆ ನಿನ್ನ ಮಾಮಾ ಮಾಡುವ ಆಶೀರ್ವಾದಗಳು. ನಾವೆಲ್ಲ ಕ್ಷೇಮ.

ಮೊನ್ನೆ ಯಾದಗಿರಿಯಿಂದ ನೀನು ಫೋನಿನಲ್ಲಿ ಹೇಳಿದ್ದು ನನಗೆ ಅರ್ಧ ಕೇಳಿಸಿತು, ಉಳಿದದ್ದನ್ನು ನಿಮ್ಮತ್ತಿ ಹೇಳಿದಳು. ಮುಂಬಯಿಯಲ್ಲಿ ಹಡಗು ಹತ್ತುವುದು, ಅದಕ್ಕೂ ಮೊದಲು ಎರಡು ದಿನ ಊರು ನೋಡುವುದು. ಕಾರಿಲ್ಲ, ನಿನ್ನವ್ವನಿಗೆ, ಅಂದರೆ ನಮ್ಮಕ್ಕನಿಗೆ, ಮೊಣಕಾಲು ನೋವು, ಹೇಗೆ ಮಾಡಲಿ ಅಂತ ಕೇಳಿದಿಯಂತೆ. ಫೋನಿನಲ್ಲಿ ಹೇಳಿದರೆ ಅಕ್ಕ ಪಕ್ಕದಲ್ಲೇ ಕೂತು ಕೇಳುತ್ತಾಳೆ. ಅದಕ್ಕೇ ಈ ಕಾಗದ.

ಮೊದಲು ನಮ್ಮ ಬೀದರ್ ಪ್ರವಾಸದ ಕಥೆ ಕೇಳು. ನಿನ್ನಜ್ಜಿಯನ್ನು ಕರಕೊಂಡು ನಾವೆಲ್ಲ ಬಸ್ಸಿನಲ್ಲಿ ಹೋಗಿದ್ದೆವು. ಒಂದೇ ದಿನದಲ್ಲಿ ಕಿಲ್ಲಾ, ಗವಾನನ ಮದರಸಾ, ನರಸಿಂಹ ಝರಣಿ ಎಲ್ಲಾ ಮುಗಿಸಬೇಕೆಂಬ ಹಟ ನನ್ನದು. ಕಿಲ್ಲಾದ ಬಾಗಿಲಿಗೆ ಬರುವಷ್ಟರಲ್ಲೇ ಅವಳಿಗೆ ಸಾಕಾಗಿತ್ತು. "ನಾ ಇಲ್ಲೇ ಕುಂದರ್ತೀನಿ, ನೀವು ನೋಡ್ಕೊಂಡು ಬರ್ರಿ" ಅಂದಳು. ನಾವು ಹೂಂ ಅಂದು ಒಳಗೆ ಹೋದೆವು. ಝರಣಿಯಲ್ಲೂ ಅದೇ ಆಯಿತು. ನಾವು ಗುಹೆಯೊಳಗೆ ಎದೆಮಟ್ಟ ನೀರಿನಲ್ಲಿ ನರಸಿಂಹನ ದರ್ಶನಕ್ಕೆ ಹೋಗಿದ್ದಾಗ ಅವಳು ಹೊರಗೆ ನಮ್ಮ ಚಪ್ಪಲಿ, ಚೀಲ ಕಾಯುತ್ತ ಕೂತಿದ್ದಳು. ಊರಿಗೆ ಬಂದ ಮೇಲೆ ಓಣಿಯವರ ಮುಂದೆಲ್ಲಾ "ಬೀದರ್ ಕಿಲ್ಲಾ ಭಾಳ ಛಂದ ಅದ, ರಂಗೀನ್ ಮಹಲಿನಾಗ ಗೋಡಿಗಿ ಮುತ್ತಿನ ಚಿಪ್ಪು ಕೂಡ್ಸ್ಯಾರ" ಅಂತ ಹೇಳುತ್ತಿದ್ದಳು. ಆ ಮಹಲನ್ನು ಅವಳು ನೋಡಿರಲೇ ಇಲ್ಲ. ಬಸ್ಸಿನಲ್ಲಿ ನಾವು ಮಾತಾಡಿಕೊಂಡದ್ದನ್ನು ಕೇಳಿಸಿಕೊಂಡಿದ್ದಳು ಅಷ್ಟೇ. ನನಗೆ ಅದು ಹೊಳೆದದ್ದು ಅವಳು ಹೋಗಿ ಎಷ್ಟೋ ವರ್ಷಗಳಾದ ಮೇಲೆ. ಅವತ್ತು ಎಲ್ಲರಿಗಿಂತ ಮುಂದೆ ಓಡಿದವಳು ನಿನ್ನವ್ವನೇ. ಈಗ ಅವಳೂ "ನಾ ಇಲ್ಲೇ ಕುಂದರ್ತೀನಿ" ಅನ್ನುವ ಆ ಮಾತು ಆಡುತ್ತಾಳೆ, ನೋಡುತ್ತಿರು. ಆಡುವ ಪ್ರಸಂಗವೇ ಬರದ ಹಾಗೆ ಜಾಗ ಆರಿಸು. ಎಷ್ಟು ನಡೆಯಬೇಕು ಅಂತ ಲೆಕ್ಕ ಹಾಕಬೇಡ, ಕೂತಲ್ಲಿಂದ ಏನು ಕಾಣುತ್ತದೆ ಅಂತ ನೋಡು.

ಉದ್ಯಾನ್ ಎಕ್ಸ್‌ಪ್ರೆಸ್ ಯಾದಗಿರಿಯಲ್ಲೇ ಸಿಗುತ್ತದೆ ನಿಜ, ಆದರೆ ಹಗಲೆಲ್ಲ ಅದರಲ್ಲಿ ಕೂತೇ ಇರಬೇಕು. ಹಿಂದಿನ ದಿನವೇ ಇಲ್ಲಿಗೆ ಬಂದುಬಿಡಿ. ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ಸಂಜೆ ಕಲಬುರಗಿಗೆ ಬರುತ್ತದೆ, ಮಲಗಿಕೊಂಡು ಹೋದರೆ ನಸುಕಿನಲ್ಲಿ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣ. ಅಕ್ಕನ ಟಿಕೆಟನ್ನು ಬೇರೆಯಾಗಿ ತೆಗೆಸು. 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತಿನ ಕೋಟಾ ಇದೆ, ನಿನ್ನ ಹೆಸರೂ ಅದೇ ಟಿಕೆಟಿನಲ್ಲಿದ್ದರೆ ಆ ಕೋಟಾ ಸಿಗುವುದಿಲ್ಲ. ಇಳಿಯುವಾಗ ಚಿಂತೆಯಿಲ್ಲ. ಸಿಎಸ್‌ಎಂಟಿಯಲ್ಲಿ ಹಳಿಗಳೇ ಮುಗಿದುಹೋಗುತ್ತವೆ, ಹಾಗಾಗಿ ಮೇಲ್ಸೇತುವೆ ಹತ್ತದೆ ಪ್ಲಾಟ್‌ಫಾರ್ಮಿನ ತುದಿಗೆ ಬಂದರೆ ಹೊರಗೇ ಬಂದ ಹಾಗೆ. ಆದರೆ ಪ್ಲಾಟ್‌ಫಾರ್ಮು ಬಹಳ ಉದ್ದ, ಅಲ್ಲಿಂದಲೇ ವೀಲ್‌ಚೇರ್ ಬೇಕು.

ಉಳಿಯುವುದು ಕೋಟೆ ಭಾಗದಲ್ಲಿ, ಅಂದರೆ ಅಲ್ಲಿಯವರು ಫೋರ್ಟ್ ಅನ್ನುವ ಕಡೆ. ಕಲ್ಯಾಣದಲ್ಲಿ ನನ್ನ ಮಗನ ಮನೆ ಇದೆಯಲ್ಲ ಅನ್ನಬೇಡ. ಅಲ್ಲಿ ಉಳಿದರೆ ದಿನಾ ಲೋಕಲ್ ಹತ್ತಬೇಕು, ಆ ನೂಕುನುಗ್ಗಲಿನಲ್ಲಿ ಹನ್ನೆರಡು ವರ್ಷ ಓಡಾಡಿದವನು ನಾನು. ಬೇಕಾದರೆ ಅವನೇ ಬಂದು ಅತ್ತೆಯನ್ನು ನೋಡಿಕೊಂಡು ಹೋಗಲಿ. ನಸುಕಿನಲ್ಲಿ ರೂಮು ಕೊಡುತ್ತಾರೋ ಇಲ್ಲವೋ ಅಂತ ಹೋಟೆಲಿನವರನ್ನು ಮೊದಲೇ ಕೇಳು. ಕೊಡುವುದಿಲ್ಲ ಅಂದರೆ ಒಂದು ದಿನದ ಬಾಡಿಗೆ ಹೆಚ್ಚಿಗೆ ಹೋಗಲಿ, ಅದರಲ್ಲಿ ಜಿಪುಣತನ ಮಾಡಬೇಡ.

ಇನ್ನು ಕಾರು. ಆ ಭಾಗದಲ್ಲಿ ಕಾರಿದ್ದವನೇ ಅದನ್ನು ನಿಲ್ಲಿಸಲು ಜಾಗ ಸಿಗದೆ ಒದ್ದಾಡುತ್ತಾನೆ. ನಮ್ಮ ಸೂಪರ್ ಮಾರ್ಕೆಟಿನ ಹಾಗೆ ಕೈ ಮಾಡಿದರೆ ಆಟೋ ಬರುತ್ತದೆ ಅಂದುಕೊಳ್ಳಬೇಡ, ದಕ್ಷಿಣ ಮುಂಬಯಿಗೆ ಆಟೋ ಬಿಡುವುದಿಲ್ಲ. ಕಪ್ಪು-ಹಳದಿ ಟ್ಯಾಕ್ಸಿಗಳಿವೆ. 2025ರಲ್ಲಿ ಅದರ ಕನಿಷ್ಠ ಬಾಡಿಗೆ 31 ರೂಪಾಯಿ ಮಾಡಿದರು. ಇಷ್ಟು ಹತ್ತಿರಕ್ಕೆ ಟ್ಯಾಕ್ಸಿ ಯಾಕೆ ಅಂತ ಅಕ್ಕ ಗೊಣಗುತ್ತಾಳೆ, ಗೊಣಗಲಿ.

ಮೊದಲ ಮುಂಜಾನೆ ನೀವಿಬ್ಬರೂ ಮಲಗಿ. ಸಂಜೆ ಐದಕ್ಕೆ ಟ್ಯಾಕ್ಸಿಯವನಿಗೆ ನರಿಮನ್ ಪಾಯಿಂಟಿನಿಂದ ಚೌಪಾಟಿಯ ಕಡೆ ಹೊಡೆಯಲು ಹೇಳು. ತಿರುಗಿಸಿ ಹೇಳಬೇಡ. ಹಾಗೆ ಹೋದರೆ ಸಮುದ್ರ ಎಡಕ್ಕೆ ಬರುತ್ತದೆ, ಇಳಿದ ಮೇಲೆ ರಸ್ತೆ ದಾಟುವ ಕೆಲಸವಿಲ್ಲ. ಆ ವಾಹನಗಳ ನಡುವೆ ಮೊಣಕಾಲು ನೋವಿನವರನ್ನು ದಾಟಿಸುವುದು ಅಂದರೆ ದೇವರೇ ಗತಿ. ಮರೀನ್ ಡ್ರೈವಿನ ಉದ್ದಕ್ಕೂ ಕಟ್ಟೆ ಇದೆ, ಸೂರ್ಯ ಮುಳುಗುವ ತನಕ ಕೂತಿರಿ. ಮೊದಲ ದಿನಕ್ಕೆ ಅಷ್ಟು ಸಾಕು.

ಎರಡನೆಯ ದಿನ ಬೆಳಿಗ್ಗೆ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯಕ್ಕೆ ಹೋಗಿ, ಹಳಬರು ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಅನ್ನುತ್ತಾರಲ್ಲ, ಅದೇ. ನೆರಳಿದೆ, ಲಿಫ್ಟಿದೆ, ಎಲ್ಲಕ್ಕಿಂತ ಮುಖ್ಯ ಶೌಚಾಲಯವಿದೆ. ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ನಮ್ಮ ಮನೆ ಹೆಂಗಸರು ಊರು ತಿರುಗುವಾಗ ನೀರೇ ಕುಡಿಯುವುದಿಲ್ಲ. ಬಾಯಾರಿಕೆ ಇಲ್ಲ ಅನ್ನುತ್ತಾರೆ, ನಿಜವಾದ ಕಾರಣ ಬೇರೆ. ಮುಂಬಯಿಯ ಸೆಖೆ ನಮ್ಮ ಕಲಬುರಗಿಯ ಬಿಸಿಲಿನಂಥದಲ್ಲ, ಬೆವರು ಆರುವುದೇ ಇಲ್ಲ. ಹೋದಲ್ಲೆಲ್ಲ ಮೊದಲು ಶೌಚಾಲಯ ಎಲ್ಲಿದೆ ಅಂತ ನೋಡಿಕೊಂಡು ಬಂದು, ಆಮೇಲೆ ಅವಳ ಕೈಗೆ ನೀರಿನ ಬಾಟಲಿ ಕೊಡು.

ಗೇಟ್‌ವೇ ಆಫ್ ಇಂಡಿಯಾ ಅಲ್ಲಿಂದ ಒಂದು ಕಿಲೋಮೀಟರೂ ಇಲ್ಲ. ಆದರೆ ಟ್ಯಾಕ್ಸಿ ಕಮಾನಿನ ತನಕ ಹೋಗುವುದಿಲ್ಲ, ತಪಾಸಣೆ ದಾಟಿ ನಡೆಯಬೇಕು. ತಾಜ್ ಹೋಟೆಲಿನ ಎದುರಿಗೆ ಸಮುದ್ರದ ದಂಡೆಯ ಮೇಲಿಂದಲೇ ಕಾಣುತ್ತದೆ. ಎಲಿಫೆಂಟಾ ದ್ವೀಪದ ಗುಹೆಗಳ ಆಸೆ ಬಿಟ್ಟುಬಿಡು. ಅಲ್ಲಿಯ ತ್ರಿಮೂರ್ತಿಯನ್ನು ನಾನು ಮೂರು ಸಲ ನೋಡಿದ್ದೇನೆ, ಮತ್ತೆ ಕರೆದರೂ ಹೋಗುತ್ತೇನೆ. ಗುಡ್ಡದ 120 ಮೆಟ್ಟಿಲಿಗಾದರೆ ಡೋಲಿ ಸಿಗುತ್ತದೆ, ನನ್ನ ಹೆದರಿಕೆ ದೋಣಿ ಹತ್ತುವ ಕಡೆಯದು. ಒದ್ದೆ ಮೆಟ್ಟಿಲು, ಅಲ್ಲಾಡುವ ದೋಣಿ. ನಾಳೆ ಹಡಗು ಹತ್ತುವವಳು ಇವತ್ತು ಅಲ್ಲಿ ಕಾಲು ಉಳುಕಿಸಿಕೊಂಡರೆ?

ಸಿದ್ಧಿವಿನಾಯಕನಿಗೆ ಹೋಗೋಣ ಅಂತ ಅಕ್ಕ ಅಂದೇ ಅನ್ನುತ್ತಾಳೆ. ಮಂಗಳವಾರವಾಗಿದ್ದರೆ ಬೇಡ. ಬೇರೆ ದಿನವಾದರೆ ನೆಲದಡಿಯ ಮೆಟ್ರೋ ಇದೆ, 2025ರ ಅಕ್ಟೋಬರಿನಿಂದ ಕಫ್ ಪರೇಡಿನ ತನಕ ಓಡುತ್ತಿದೆ. ಸಿಎಸ್‌ಎಂಟಿಯಲ್ಲಿ ಹತ್ತಿ ಸಿದ್ಧಿವಿನಾಯಕ ನಿಲ್ದಾಣದಲ್ಲಿ ಇಳಿದರಾಯಿತು. ಎರಡೂ ಕಡೆ ಲಿಫ್ಟ್ ಯಾವ ಬಾಗಿಲಲ್ಲಿದೆ ಅಂತ ಕೇಳಿಕೊಂಡೇ ಇಳಿಯಿರಿ.

ಸಂಜೆ ಓವಲ್ ಮೈದಾನದ ಪಕ್ಕ ಟ್ಯಾಕ್ಸಿ ನಿಲ್ಲಿಸಿ ರಾಜಾಬಾಯಿ ಗಡಿಯಾರ ಗೋಪುರ ತೋರಿಸು. 1878ರಲ್ಲಿ ಕಟ್ಟಿ ಮುಗಿಸಿದ್ದು, 280 ಅಡಿ ಎತ್ತರ. ಪ್ರೇಮಚಂದ ರಾಯಚಂದ ಎಂಬ ಹತ್ತಿ ವ್ಯಾಪಾರಿ ದುಡ್ಡು ಕೊಟ್ಟು ತನ್ನ ತಾಯಿಯ ಹೆಸರು ಇಡಿಸಿದ. ಆಕೆಗೆ ಕಣ್ಣು ಕಾಣುತ್ತಿರಲಿಲ್ಲವಂತೆ. ಜೈನರು, ಹೊತ್ತು ಮುಳುಗುವ ಮೊದಲೇ ಊಟವಾಗಬೇಕು. ಯಾರನ್ನೂ ಕೇಳದೆ, ಗಂಟೆಯ ಸಪ್ಪಳದಿಂದಲೇ ಆಕೆಗೆ ಹೊತ್ತು ತಿಳಿಯಲಿ ಅಂತ ಕಟ್ಟಿಸಿದ ಅನ್ನುತ್ತಾರೆ. ಎಷ್ಟು ನಿಜವೋ, ನನಗಂತೂ ಆ "ಯಾರನ್ನೂ ಕೇಳದೆ" ಅನ್ನುವುದು ಬಹಳ ಹಿಡಿಸಿದೆ.

ಹಡಗು ಹತ್ತುವ ದಿನ ಏನೂ ನೋಡಬೇಡಿ. ಹಡಗು ನಿಲ್ಲುವ ಬಲ್ಲಾರ್ಡ್ ಪಿಯರ್ ಫೋರ್ಟಿನ ಮಗ್ಗುಲಲ್ಲೇ ಇದೆ. ದೊಡ್ಡ ಬ್ಯಾಗುಗಳನ್ನು ಟರ್ಮಿನಲ್ಲಿನಲ್ಲೇ ತೆಗೆದುಕೊಳ್ಳುತ್ತಾರೆ, ಹಡಗಿನ ರೂಮಿಗೆ ಅವು ಬರುವಾಗ ತಡವಾಗುತ್ತದೆ. ಬಿ.ಪಿ. ಗುಳಿಗೆ, ಆಧಾರ್ ಕಾರ್ಡು ಕೈಚೀಲದಲ್ಲಿರಲಿ. ಲಿಫ್ಟಿಗೆ ಹತ್ತಿರದ ರೂಮು ಕೇಳು. ಮನೆಯ ತಿನಿಸನ್ನು ಹಡಗಿನೊಳಗೆ ಸಾಮಾನ್ಯವಾಗಿ ಬಿಡುವುದಿಲ್ಲ. ನಿಮ್ಮತ್ತಿ ಕಟ್ಟಿಕೊಡುವ ರೊಟ್ಟಿ, ಶೇಂಗಾ ಹಿಂಡಿ ಅಷ್ಟರೊಳಗೆ ಮುಗಿಯಬೇಕು.

ಟರ್ಮಿನಲ್ಲಿನಲ್ಲೂ ವೀಲ್‌ಚೇರ್ ಬೇಕು ಅಂತ ಹಡಗಿನವರಿಗೆ ಈಗಲೇ ಬರೆದು ತಿಳಿಸು, ಹೊರಡುವ ವಾರ ಇನ್ನೊಮ್ಮೆ ಫೋನು ಮಾಡು. ಅಕ್ಕನಿಗೆ ಮಾತ್ರ ಈಗ ಹೇಳಬೇಡ, ಈ ಕಾಗದವನ್ನೂ ತೋರಿಸಬೇಡ. "ನಾ ಏನ್ ಕುಂಟಿ ಆಗೀನೇನ" ಅಂತ ಇಲ್ಲಿಂದಲೇ ವಾಪಸು ಯಾದಗಿರಿಯ ಬಸ್ಸು ಹತ್ತಿಬಿಡುತ್ತಾಳೆ. ರೈಲು ಸೋಲಾಪುರ ದಾಟಲಿ. ಆಮೇಲೆ ಹೇಳು, ಮಾಮಾನೇ ಬರೆಸಿದ ಅಂತ ನನ್ನ ಮೇಲೆ ಹಾಕು.

ಇತಿ ನಿನ್ನ
ಮಾಮಾ