ಲೆಕ್ಕ ಹೊರಗೆ ಕೊಡಿ, ಬಿಲ್ಲು ಅಂಗಡಿಯಲ್ಲೇ ಇರಲಿ

ಸಂಪಾದಕರಿಗೆ ನಮಸ್ಕಾರ.

ನಾನು ಚಳ್ಳಕೆರೆಯಲ್ಲಿ ಪೈಪು, ಪಂಪ್‌ಸೆಟ್, ಕೇಬಲ್ ಮಾರುವ ಅಂಗಡಿ ನಡೆಸುತ್ತೇನೆ. ಬೋರ್‌ವೆಲ್ ನಂಬಿದ ರೈತರೇ ನಮ್ಮ ಗಿರಾಕಿಗಳು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತಲ್ಲ, ಆಗ ಪತ್ರಿಕೆಗಳಲ್ಲಿ ಬೇಕಾದಷ್ಟು ಚರ್ಚೆ ಆಯಿತು. ತೆರಿಗೆ ಕಟ್ಟಬೇಕೋ ಬೇಡವೋ ಅನ್ನುವುದೇ ಎಲ್ಲರ ಮಾತು. ನೋಟಿಸ್ ಬಂದ ಮೇಲೆ ತೋರಿಸೋಕೆ ಕಾಗದ ಎಲ್ಲಿದೆ, ಯಾರ ಮನೆಯಲ್ಲಿದೆ ಅನ್ನುವ ಮಾತು ಅಷ್ಟಾಗಿ ಬರಲಿಲ್ಲ. ಅದರಲ್ಲಿ ಪೆಟ್ಟು ತಿಂದವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ಲೆಕ್ಕ ಬರೆಯಲು ಸಂಬಳ ಕೊಟ್ಟು ಆಳು ಇಟ್ಟುಕೊಳ್ಳುವಷ್ಟು ವ್ಯಾಪಾರ ನಮ್ಮಂಥವರಿಗೆ ಇರುವುದಿಲ್ಲ. ಊರಲ್ಲಿ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್ ಬಲ್ಲವರೊಬ್ಬರಿಗೆ ಒಪ್ಪಿಸುತ್ತೇವೆ. ತಿಂಗಳಿಗೆ ಇಷ್ಟು ಅಂತ ಮಾತಾಗಿರುತ್ತದೆ. ಮಾರಾಟದ ಬಿಲ್ ಪುಸ್ತಕ 9ನೇ ತಾರೀಕಿಗೆ ಹೋಗುತ್ತಿತ್ತು, ಯಾಕೆಂದರೆ ಇಲಾಖೆಗೆ ಸಲ್ಲಿಸುವ ಮಾರಾಟದ ಲೆಕ್ಕಪಟ್ಟಿಗೆ, ಅಂದರೆ ರಿಟರ್ನಿಗೆ, 11 ಕೊನೆಯ ದಿನ. ಖರೀದಿ ಬಿಲ್ಲುಗಳನ್ನು ಮಾತ್ರ ತಿಂಗಳಿಡೀ ಗಲ್ಲಾದ ಕೆಳಗಿನ ಡ್ರಾಯರಿಗೆ ತುರುಕುತ್ತಿದ್ದೆ. 18ನೇ ತಾರೀಕು ಸಂಜೆ ಎಲ್ಲವನ್ನೂ ಬಟ್ಟೆ ಚೀಲಕ್ಕೆ ಸುರಿದು ಅಂಗಡಿ ಹುಡುಗನ ಕೈಲಿ ಕಳಿಸುತ್ತಿದ್ದೆ. ತೆರಿಗೆ ಕಟ್ಟುವ 3ಬಿ ರಿಟರ್ನಿಗೆ 20 ಕೊನೆ. ಆ ಎರಡು ದಿನ ಅವರ ಮನೆ ಹಜಾರದಲ್ಲಿ ಇಂಥ ಮೂವತ್ತು ನಲವತ್ತು ಚೀಲ ಸಾಲಾಗಿ ಇರುತ್ತಿದ್ದವು. ಎಷ್ಟು ಬಿಲ್ಲು ಹೋಯಿತು, ಎಷ್ಟು ವಾಪಸ್ ಬಂತು ಅಂತ ಅವರೂ ಬರೆದಿಡಲಿಲ್ಲ, ನಾನೂ ಬರೆದಿಡಲಿಲ್ಲ.

2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ನನಗೆ ಇಮೇಲ್ ಇರಲಿಲ್ಲ. ನೋಂದಣಿಗೆ ಅವರೇ ತಮ್ಮ ಇಮೇಲ್, ತಮ್ಮ ಮೊಬೈಲ್ ನಂಬರ್ ಹಾಕಿದರು. ಪಾಸ್‌ವರ್ಡ್ ಅವರ ಡೈರಿಯಲ್ಲಿ ಇತ್ತು. ತಲೆನೋವು ತಪ್ಪಿತು ಅಂದುಕೊಂಡೆ.

ಆಮೇಲೆ ಅವರು ಮಗನ ಮನೆಗೆ ಅಂತ ತುಮಕೂರಿಗೆ ಹೋದರು. ನಂಬರ್ ಬದಲಾಯಿತು. 2023ರಲ್ಲಿ ನಮ್ಮ ಅಂಗಡಿ ಹೆಸರಿಗೆ ಎಎಸ್‌ಎಂಟಿ-10, ಅಂದರೆ ರಿಟರ್ನಿನಲ್ಲಿ ವ್ಯತ್ಯಾಸ ಕಂಡು ವಿವರಣೆ ಕೇಳುವ ನೋಟಿಸ್ ಬಂತು. 2019-20ರಲ್ಲಿ ತೆಗೆದುಕೊಂಡ ಇನ್‌ಪುಟ್ ಕ್ರೆಡಿಟ್‌ಗೆ, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಂಡದ್ದಕ್ಕೆ, ಖರೀದಿ ಬಿಲ್ಲು ತೋರಿಸಿ ಅಂತ. ಉತ್ತರಕ್ಕೆ 30 ದಿನ. ಅದು ಅಂಚೆಯಲ್ಲಿ ಬರಲಿಲ್ಲ, ಜಿಎಸ್‌ಟಿ ವೆಬ್‌ಸೈಟಿನಲ್ಲಿ, ಅಂದರೆ ಪೋರ್ಟಲ್‌ನಲ್ಲಿ ಬಂತು. ಇಮೇಲ್, ಮೆಸೇಜು ಹೋದದ್ದು ಅವರ ಹಳೆಯ ವಿಳಾಸಕ್ಕೆ. ಹೊಸಬರೊಬ್ಬರು ಲೆಕ್ಕ ವಹಿಸಿಕೊಂಡು ಪೋರ್ಟಲ್ ತೆರೆದಾಗ ನಾಲ್ಕು ತಿಂಗಳು ಕಳೆದಿತ್ತು. ಅದೂ ಮಾಮೂಲಿ ನೋಟಿಸ್ ಪುಟದಲ್ಲಿ ಇರಲಿಲ್ಲ. ಹೆಚ್ಚುವರಿ ನೋಟಿಸು, ಆದೇಶ ಅಂತ ಬೇರೆಯದೇ ಒಂದು ಪುಟ ಇದೆ, ಅಲ್ಲಿತ್ತು.

ಬಿಲ್ಲು ಹುಡುಕೋಕೆ ಕೂತೆವು. ಕೆಲವು ನಮ್ಮ ಅಟ್ಟದ ಮೇಲೆ. ಕೆಲವು ಚಿತ್ರದುರ್ಗದ ಆಡಿಟರ್ ಆಫೀಸಿನ ಫೈಲಿನಲ್ಲಿ. ಉಳಿದವು ತುಮಕೂರಿಗೆ ಹೋದ ಗಂಟಿನಲ್ಲಿ. ಎಲ್ಲ ಸೇರಿಸಿದರೂ 11 ಬಿಲ್ಲು ಕಡಿಮೆ. ಇನ್ನು ಕೆಲವು ಮಷಿನ್ನಿನಲ್ಲಿ ಹೊಡೆದ ನುಣುಪು ಕಾಗದದ ಬಿಲ್ಲುಗಳು. ಅವು ಸಿಕ್ಕವು, ಆದರೆ ಅಕ್ಷರ ಪೂರ್ತಿ ಮಾಸಿ ಹೋಗಿತ್ತು. ದೀಪದ ಎದುರು ಹಿಡಿದರೂ ಕಂಪನಿ ಹೆಸರು ಬಿಟ್ಟು ಬೇರೇನೂ ಕಾಣಲಿಲ್ಲ. ಮಾಲು ಕೊಟ್ಟವರನ್ನೆಲ್ಲ ಫೋನಿನಲ್ಲಿ ಕಾಡಿ ಬೇಡಿ ಹೆಚ್ಚಿನವಕ್ಕೆ ನಕಲು ತರಿಸಿದೆ. ನಾಲ್ಕಕ್ಕೆ ಸಿಗಲೇ ಇಲ್ಲ. ಅದರಲ್ಲಿ ಒಬ್ಬರು ಅಂಗಡಿಯನ್ನೇ ಮುಚ್ಚಿದ್ದರು. ಮಾಲು ತಂದದ್ದು ನಿಜ, ದುಡ್ಡು ಕೊಟ್ಟದ್ದು ನಿಜ, ಆ ದುಡ್ಡಿನಲ್ಲಿ ತೆರಿಗೆಯೂ ಸೇರಿತ್ತು. ಆದರೂ ಕಾಗದ ಇಲ್ಲ ಅಂದಮೇಲೆ ಆ ಕ್ರೆಡಿಟ್ ಹೋಯಿತು. ಮೇಲೆ ಶೇ 18ರ ಬಡ್ಡಿ. ಮಗಳ ಕಾಲೇಜು ಫೀಸಿಗೆ ಅಂತ ಇಟ್ಟಿದ್ದ ಹಣ ಚಲನ್‌ಗೆ ಹೋಯಿತು.

ಆ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಒಂದು ರೂಪಾಯಿ ಮೋಸ ಮಾಡಿದವರಲ್ಲ. 18ರ ರಾತ್ರಿ ಚೀಲ ಕೊಟ್ಟು 20ಕ್ಕೆ ಲೆಕ್ಕ ಕೇಳಿದವಳು ನಾನು. ಒಬ್ಬ ಮನುಷ್ಯ ಎಷ್ಟು ಚೀಲ ನೋಡಿಯಾನು?

ಆಮೇಲೆ ಹೊಸ ಲೆಕ್ಕದವರಿಗೆ ಮೊದಲು ವಾಟ್ಸಾಪ್‌ನಲ್ಲಿ ಬಿಲ್ಲಿನ ಫೋಟೊ ಕಳಿಸಿ ನೋಡಿದೆ. ಅದು ಕೈಕೊಟ್ಟಿತು. ಫೋಟೊ ಅರ್ಧ ಕತ್ತರಿಸಿರುತ್ತಿತ್ತು, ಜಿಎಸ್‌ಟಿ ನಂಬರಿನ ಮೇಲೇ ಹೆಬ್ಬೆರಳು ಇರುತ್ತಿತ್ತು. ಹಬ್ಬದ ಶುಭಾಶಯಗಳ ನಡುವೆ ಬಿಲ್ಲು ಕಳೆದುಹೋಗುತ್ತಿತ್ತು. ಅವರು ಧ್ವನಿ ಸಂದೇಶದಲ್ಲಿ ಏನೋ ಕೇಳುವುದು, ನಾನು ಗಿರಾಕಿ ಗಲಾಟೆಯಲ್ಲಿ ಕೇಳದೇ ಇರುವುದು.

ಈಗ ಒಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದೇನೆ. ಮಾಲಿನ ಜೊತೆ ಬಿಲ್ಲು ಬಂದ ತಕ್ಷಣ ಅದರ ಮೂಲೆಯಲ್ಲಿ ಕೆಂಪು ಪೆನ್ನಿನಿಂದ ನಮ್ಮ ಕ್ರಮಸಂಖ್ಯೆ. ಅದೇ ಸಂಖ್ಯೆ ಪುಸ್ತಕದಲ್ಲಿ. ಫೋನಿನಲ್ಲಿ ಸ್ಕ್ಯಾನ್ ಮಾಡಿ, ಆ ಸಂಖ್ಯೆಯನ್ನೇ ಹೆಸರಾಗಿ ಕೊಟ್ಟು, ಆಯಾ ತಿಂಗಳ ಫೋಲ್ಡರಿಗೆ ಹಾಕುತ್ತೇವೆ. ಆ ಫೋಲ್ಡರನ್ನು ಲೆಕ್ಕ ಬರೆಯುವವರೂ ನೋಡಬಹುದು. ಪ್ರತಿ ಶನಿವಾರ ಅವರು ಟ್ಯಾಲಿಗೆ ಏರಿಸಿ, ನಮ್ಮಿಬ್ಬರ ಹಾಳೆಯಲ್ಲಿ ಆ ಸಂಖ್ಯೆ ಎದುರು 'ಆಯ್ತು' ಅಂತ ಬರೆಯುತ್ತಾರೆ. ಅನುಮಾನ ಇದ್ದರೆ ಅಲ್ಲೇ ಪ್ರಶ್ನೆ, ಅಲ್ಲೇ ನನ್ನ ಉತ್ತರ. ಅಸಲಿ ಬಿಲ್ಲು ಅಂಗಡಿ ಹೊಸ್ತಿಲು ದಾಟುವುದಿಲ್ಲ. ನುಣುಪು ಕಾಗದದ್ದಾದರೆ ಅಂದೇ ಜೆರಾಕ್ಸ್ ಮಾಡಿಸಿ ಜೊತೆಗೆ ಪಿನ್ ಹೊಡೆಯುತ್ತೇವೆ. ಕಾನೂನು ಪ್ರಕಾರ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ದಾಖಲೆ ಇಟ್ಟುಕೊಂಡಿರಬೇಕು. ಆ ಕಾಗದದ ಅಕ್ಷರ ಆರು ವರ್ಷ ಎಲ್ಲಿ ಬಾಳುತ್ತದೆ?

ಪ್ರತಿ ತಿಂಗಳು 14ಕ್ಕೆ ಪೋರ್ಟಲ್‌ನಲ್ಲಿ 2ಬಿ ಪಟ್ಟಿ ಬರುತ್ತದೆ. ನಮಗೆ ಮಾಲು ಕೊಟ್ಟವರು ನಮ್ಮ ಹೆಸರಿಗೆ ತೋರಿಸಿದ ಬಿಲ್ಲುಗಳು ಅದರಲ್ಲಿ ಇರುತ್ತವೆ. ಅಂದು ರಾತ್ರಿ ಊಟ ಆದ ಮೇಲೆ ಮಗಳು ಪಟ್ಟಿ ಓದುತ್ತಾಳೆ, ನಾನು ನೋಟ್‌ಬುಕ್‌ನಲ್ಲಿ ಟಿಕ್ ಹಾಕುತ್ತೇನೆ. ಹೋದ ಸಲ ಒಂದು ಕೇಬಲ್ ಬಿಲ್ಲು ಪಟ್ಟಿಯಲ್ಲಿ ಇರಲಿಲ್ಲ. ಬೆಳಿಗ್ಗೆ ಬೆಂಗಳೂರಿಗೆ ಫೋನ್ ಮಾಡಿದೆ. ನಮ್ಮ ಜಿಎಸ್‌ಟಿ ನಂಬರಿನಲ್ಲಿ ಒಂದು ಅಂಕಿ ತಪ್ಪಿ ಬೇರೆ ಯಾರದೋ ಖಾತೆಗೆ ಹೋಗಿತ್ತು. ಮುಂದಿನ ತಿಂಗಳ ರಿಟರ್ನಿನಲ್ಲಿ ತಿದ್ದಿದರು. ಗೊತ್ತಾಗದೇ ಉಳಿದಿದ್ದರೆ? ಒಂದು ಆರ್ಥಿಕ ವರ್ಷದ ಕ್ರೆಡಿಟ್ಟಿಗೆ ಮುಂದಿನ ನವೆಂಬರ್ 30ರವರೆಗೆ ಅವಕಾಶ, ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಸಲ್ಲಿಸಿದರೆ ಅಲ್ಲಿಗೇ ಮುಗಿಯಿತು.

ಇನ್ನೊಂದು ಮಾತು ಒತ್ತಿ ಹೇಳಬೇಕು. ನೋಂದಣಿಯಲ್ಲಿರುವ ಮೊಬೈಲು, ಇಮೇಲು ಮಾಲೀಕರದ್ದೇ ಇರಲಿ. ಪೋರ್ಟಲ್ ಒಳಗೆ ಹೋಗಿ ನಾವೇ ಓಟಿಪಿ ಕೊಟ್ಟು ಬದಲಾಯಿಸಬಹುದು, ಅಧಿಕಾರಿಯ ಒಪ್ಪಿಗೆ ಬೇಡ. ಪಾಸ್‌ವರ್ಡೇ ಕೈತಪ್ಪಿದರೆ ಮಾತ್ರ ದಾಖಲೆ ಹಿಡಿದು ತೆರಿಗೆ ಕಚೇರಿಗೆ ಅಲೆಯಬೇಕು. ನಾನು ಅಲೆದಿದ್ದೇನೆ. ಲೆಕ್ಕ ಬರೆಯುವವರು ನೋಂದಾಯಿತ ಜಿಎಸ್‌ಟಿ ಪ್ರಾಕ್ಟೀಷನರ್, ಅಂದರೆ ಬೇರೆಯವರ ರಿಟರ್ನ್ ಸಲ್ಲಿಸಲು ಇಲಾಖೆಯ ಒಪ್ಪಿಗೆ ಇರುವವರು, ಆಗಿದ್ದರೆ ಅವರಿಗೆ ಅವರದೇ ಲಾಗಿನ್ ಇರುತ್ತದೆ. ನಮ್ಮ ಪಾಸ್‌ವರ್ಡ್ ಕೊಡದೆಯೇ ಅವರನ್ನು ನೇಮಿಸಿಕೊಳ್ಳಬಹುದು, ಬೇಡವಾದಾಗ ತೆಗೆಯಬಹುದು. ನಮ್ಮ ಕಡೆ ಇದು ಗೊತ್ತಿರುವವರೇ ಕಡಿಮೆ. ಹಾಗೆಯೇ ಟ್ಯಾಲಿ ಬ್ಯಾಕಪ್. ಪ್ರತಿ ತಿಂಗಳು ಪೆನ್‌ಡ್ರೈವ್‌ನಲ್ಲಿ ಕೇಳಿ ಇಸ್ಕೊಳ್ಳಿ. ಕೇಳಿದರೆ ಅನುಮಾನ ಪಟ್ಟ ಹಾಗಾಗುತ್ತದೆ ಅಂತ ಸುಮ್ನೆ ಇರಬೇಡಿ. ಅದು ನಿಮ್ಮ ಅಂಗಡಿಯ ಲೆಕ್ಕ ಅಲ್ವಾ?

ಇಲಾಖೆಯವರಲ್ಲಿ, ವರ್ತಕರ ಸಂಘಗಳಲ್ಲಿ ನನ್ನ ಬೇಡಿಕೆ ಇಷ್ಟು. ತಾಲ್ಲೂಕು ಕೇಂದ್ರಗಳಲ್ಲಿ ಒಂದೊಂದು ದಿನ ಕೂತು, ಮಾಲೀಕರ ಫೋನಿನಲ್ಲೇ ಪೋರ್ಟಲ್ ತೆರೆಸಿ, ಇಮೇಲ್, ಮೊಬೈಲ್ ನಂಬರ್ ಯಾರದ್ದಿದೆ ಅಂತ ನೋಡಿಸಿ. ಆ ನೋಟಿಸ್ ಪುಟಗಳು ಎಲ್ಲಿವೆ ಅಂತ ತೋರಿಸಿ. ನನಗೆ ಬಂದ ನೋಟಿಸ್ ಪೂರ್ತಿ ಇಂಗ್ಲಿಷಿನಲ್ಲಿತ್ತು. ಜೊತೆಗೆ ಕನ್ನಡದಲ್ಲಿ ನಾಲ್ಕು ಸಾಲು, ಉತ್ತರ ಕೊಡಬೇಕಾದ ತಾರೀಕು ಇದ್ದರೆ ಸಾಕು. ಚಳ್ಳಕೆರೆಯಲ್ಲಿ ಅಂಥ ಶಿಬಿರ ಮಾಡುವುದಾದರೆ ನಮ್ಮ ಅಂಗಡಿಯ ಮಹಡಿ ಖಾಲಿ ಇದೆ, ಬಿಟ್ಟುಕೊಡುತ್ತೇನೆ. ನಮ್ಮ ನೋಟ್‌ಬುಕ್ಕನ್ನೂ ತಂದು ತೋರಿಸುತ್ತೇನೆ.

— ಪೈಪು, ಪಂಪ್‌ಸೆಟ್ ಅಂಗಡಿಯವರು, ಚಳ್ಳಕೆರೆ