ಕಿಬ್ಬೊಟ್ಟಿ ನೋವಿಗೆ ಗರ್ಭಕೋಶ ತೆಗೆಸೋದೊಂದೇ ದಾರಿ ಅಲ್ಲ

ಸಂಪಾದಕರೇ, ನಮಸ್ಕಾರ.

ನಮ್ ಗಂಗಾವತಿ, ಕಾರಟಗಿ ಕಡೆ ಭತ್ತದ ನಾಟಿ ಹಚ್ಚಾಕ ಹೋಗೋ ಹೆಣ್ಮಕ್ಳ ಗುಂಪಿನ್ಯಾಗ ಒಬ್ಬಾಕಿನಾದ್ರೂ ಸೊಂಟಕ್ಕ ಸೆರಗು ಬಿಗಿದು ಕಟ್ಕೊಂಡು, ಮೆಡಿಕಲ್ ಶಾಪಿನ ನೋವಿನ ಗುಳಿಗಿ ನುಂಗಿ ಕೆಸರಿಗೆ ಇಳಿಯೋದು ನೋಡೇ ನೋಡ್ತೀವಿ. ಕೇಳಿದ್ರ 'ಕಿಬ್ಬೊಟ್ಟಿ ನೋವು, ಹೆಂಗಸ್ರಿಗೆ ಇದು ಇದ್ದದ್ದ' ಅಂತಾರ. ಇದ್ದದ್ದಲ್ಲ ರೀ. 6 ತಿಂಗಳಾದ್ರೂ ಹೋಗದ ನೋವಿಗೆ ಕಾರಣ ಹುಡುಕ್ಲೇಬೇಕು.

ಕಾರಣ ಒಂದಾ ಎರಡಾ, ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದೇ ಪದರ ಗರ್ಭಕೋಶದ ಹೊರಗ ಬೆಳೆಯೋದು) ಇರಬಹುದು, ಹಳೇ ಇನ್ಫೆಕ್ಷನ್, ಮೂತ್ರಚೀಲದ ತ್ರಾಸು, ಮಲಬದ್ಧತೆ, ಕೆಳಗಿನ ಸ್ನಾಯು ಬಿಗಿದುಕೊಂಡಿರೋದು, ಎರಡ್ಮೂರು ಕೂಡೇ ಇರಬಹುದು. ಸ್ಕ್ಯಾನಿಂಗ್ ನಾರ್ಮಲ್ ಬಂದ್ರ 'ಏನಿಲ್ಲ ಬಿಡು' ಅಂದ್ಬಿಡ್ತಾರ, ಆದ್ರ ಎಂಡೋಮೆಟ್ರಿಯೋಸಿಸ್ ಎಷ್ಟೋ ಸಲ ಸ್ಕ್ಯಾನಿಂಗ್‌ನ್ಯಾಗ ಕಾಣೋದೇ ಇಲ್ಲ.

ನನಗ ಭಾಳ ಸಂಕಟ ಆಗೋದು ಇದಕ್ಕ, ಮೂವತ್ತು ದಾಟಿಲ್ಲ, ಆಗಲೇ 'ಚೀಲ (ಅಂದ್ರ ಗರ್ಭಕೋಶ) ತೆಗೆಸಿಬಿಡು' ಅನ್ನೋ ಸಲಹೆ, ಮನಿಯವ್ರೂ 'ಹೆಂಗೂ ಮಕ್ಳಾದ್ವಲ್ಲ' ಅಂತಾರ. ಗರ್ಭಕೋಶ ತೆಗೆದ್ರೂ ಕೆಲವ್ರಿಗೆ ನೋವು ಹಂಗೇ ಉಳೀತೈತಿ, ಎರಡೂ ಅಂಡಾಶಯ ತೆಗೆದ್ರಂತೂ ಸಣ್ಣ ವಯಸ್ಸಿಗೇ ಎಲುಬು ಸವೀತಾವ. ಅದಕ್ಕಿಂತ ಮೊದ್ಲು ಹಾರ್ಮೋನ್ ಗುಳಿಗಿ, ಸ್ನಾಯು ಸಡಿಲ ಮಾಡೋ ಫಿಸಿಯೋಥೆರಪಿ, ಬಿಸಿನೀರಿನ ಶಾಖ ಅದಾವು. ನೋವು ಯಾವಾಗ, ಮುಟ್ಟಿನಾಗಾ, ಮೂತ್ರಕ್ಕ ಹೋದಾಗಾ, ಗಂಡನ ಜೊತಿ ಕೂಡಿದಾಗಾ ಅಂತ ಮನಿ ಕ್ಯಾಲೆಂಡರ್ ಮ್ಯಾಲೆ ಗುರುತು ಹಾಕ್ಕೊಂಡು ಹೋದ್ರ ಡಾಕ್ಟರಿಗೆ ಕಾರಣ ಹಿಡಿಯಾಕ ಸುಲಭ ಆಗ್ತೈತಿ.

ತಾಲೂಕು ಆಸ್ಪತ್ರ್ಯಾಗ ಈ ನೋವಿಗಂತ ವಾರಕ್ಕೊಂದು ದಿನ ಓಪಿಡಿ ಇಡ್ರಿ, ಲೇಡಿ ಡಾಕ್ಟರ್ ಜೊತಿ ಫಿಸಿಯೋಥೆರಪಿಸ್ಟ್ ಒಬ್ರು ಕೂಡ್ಲಿ ಅಂತ ಜಿಲ್ಲಾ ಆರೋಗ್ಯಾಧಿಕಾರಿಗಳನ್ನ ಕೇಳ್ಕೊಳ್ತೀನಿ.

– ಓದುಗರು, ಗಂಗಾವತಿ, ಕೊಪ್ಪಳ ಜಿಲ್ಲೆ